ಪ್ರವಾಸದ ಬಸ್ಸು ಪವರ್‌ಹೌಸಿನ ಬಳಿಯೂ ನಿಲ್ಲಲಿ

ದಸರಾ ರಜೆ ಮುಗಿದು ಶಾಲೆಗಳು ತೆರೆದ ಮೇಲೆ ಡಿಸೆಂಬರ್ ಕೊನೆಯವರೆಗೂ ಬೆಂಗಳೂರು, ಮಂಡ್ಯ, ಮೈಸೂರು ಸೀಮೆಯ ರಸ್ತೆಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸುಗ್ಗಿ. ಮುಂಭಾಗಕ್ಕೆ ಶಾಲೆಯ ಹೆಸರಿನ ಬ್ಯಾನರು ಕಟ್ಟಿಕೊಂಡ ಬಸ್ಸು ನಸುಕಿಗೇ ಹೊರಟು ಶಿವನಸಮುದ್ರ, ಸೋಮನಾಥಪುರ, ಶ್ರೀರಂಗಪಟ್ಟಣ, ಅರಮನೆ, ಮೃಗಾಲಯ ಎಲ್ಲ ಮುಗಿಸಿ ಕತ್ತಲಾಗುವ ಹೊತ್ತಿಗೆ ಬೃಂದಾವನದ ಸಂಗೀತ ಕಾರಂಜಿಗೆ ಬಂದು ನಿಲ್ಲುತ್ತದೆ. ಶಿವನಸಮುದ್ರದ ಗಗನಚುಕ್ಕಿಯಲ್ಲಿ ಮಕ್ಕಳಿಗೆ ಸಿಗುವುದು ಹೆಚ್ಚೆಂದರೆ ಅರ್ಧ ಗಂಟೆ. ಕಟಕಟೆ ಹಿಡಿದು ಜಲಪಾತ ನೋಡಿ, ಗುಂಪು ಫೋಟೊ ತೆಗೆಸಿಕೊಂಡು, ಚುರುಮುರಿ ಪೊಟ್ಟಣ ಹಿಡಿದು ಬಸ್ಸು ಹತ್ತಿದರೆ ಅಲ್ಲಿಗೆ ಶಿವನಸಮುದ್ರ ಮುಗಿಯಿತು.

ಅದೇ ಕಣಿವೆಯಲ್ಲಿ, ಊರವರು ಬ್ಲಫ್ ಎಂದು ಕರೆಯುವ ಜಾಗದ ಕೆಳಗೆ, 1902ರ ಜೂನ್‌ನಲ್ಲಿ ಶುರುವಾದ ಜಲವಿದ್ಯುದಾಗಾರವಿದೆ. ಮಳೆಗಾಲ ಕಳೆದ ಮೇಲೆ ಜಲಪಾತ ಸೊರಗುವುದೇಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಹೊಳೆಯ ನೀರಿನ ಒಂದು ಪಾಲು ಬಂಡೆಯ ಮೇಲಿಂದ ಧುಮುಕುವ ಬದಲು ಕಾಲುವೆ ಹಿಡಿದು, ದಪ್ಪ ಉಕ್ಕಿನ ಕೊಳವೆಗಳಲ್ಲಿ ಇಳಿದು ಟರ್ಬೈನಿಗೆ ಹೋಗುತ್ತದೆ. ಕಣ್ಣೆದುರಿನ ಜಲಪಾತ ಮತ್ತು ಮನೆಯ ಬಲ್ಬು, ಇವೆರಡರ ನಡುವಿನ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಜಾಗ ನಮ್ಮ ನಾಡಿನಲ್ಲಿ ಹೆಚ್ಚಿಲ್ಲ. ಬಸ್ಸುಗಳು ಅಲ್ಲಿ ನಿಲ್ಲದೆ ಮುಂದೆ ಹೋಗುತ್ತವೆ.

ಎಂಜಿನಿಯರಿಂಗ್ ಎಂದರೆ ಪಿಯುಸಿ ಆದ ಮೇಲೆ ಸಿಇಟಿ ಬರೆದು ಸೇರುವ ಕೋರ್ಸು ಎಂಬ ಎಣಿಕೆ ಮನೆಮನೆಯಲ್ಲೂ ಬೇರೂರಿದೆ. ಹನ್ನೆರಡು ವರ್ಷದ ಮಗು ಒಂದು ಸ್ಕ್ರೂ ಬಿಚ್ಚುವುದಕ್ಕೂ, ತೂಬಿನ ಬಾಗಿಲು ಏಕೆ ಹಾಗಿದೆ ಎಂದು ಕೇಳುವುದಕ್ಕೂ ಆ ಕೋರ್ಸಿಗೂ ಸಂಬಂಧವಿದೆ ಎಂದು ಯಾರಿಗೂ ತೋರುವುದಿಲ್ಲ. ಹೀಗಾಗಿ ಯಂತ್ರವನ್ನು ಮುಟ್ಟದೆ, ಕಟ್ಟಡವನ್ನು ಅಳೆಯದೆ, ಒಂದು ಸಾಮಾನನ್ನೂ ಬಿಚ್ಚಿ ಕೂಡಿಸದೆ ಮಕ್ಕಳು ಎಂಜಿನಿಯರಿಂಗ್ ಕಾಲೇಜಿನ ಬಾಗಿಲಿಗೆ ಬಂದುಬಿಡುತ್ತಾರೆ. ಶಾಲೆಯ ದಿನಗಳಲ್ಲಿ ಇದನ್ನು ಸರಿಪಡಿಸಲು ಹೊಸ ಕಟ್ಟಡವಾಗಲಿ ಹೊಸ ಯೋಜನೆಯಾಗಲಿ ಮೊದಲು ಬೇಕಾಗಿಲ್ಲ. ಈಗಾಗಲೇ ಹೋಗುವ ದಾರಿಯಲ್ಲೇ ಇರುವುದರ ಮುಂದೆ ಬಸ್ಸು ನಿಲ್ಲಬೇಕು, ಇಳಿದ ಮಕ್ಕಳ ಕೈಗೆ ಒಂದು ಕೆಲಸ ಕೊಡಬೇಕು.

ಶಿವನಸಮುದ್ರದ ಕಥೆಯನ್ನೇ ನೋಡಿ. ಭಾರತದಲ್ಲಿ ಜಲವಿದ್ಯುತ್ತು ಅದಕ್ಕೆ ಮೊದಲೇ ಇತ್ತು. ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಪುಟ್ಟದೊಂದು ಘಟಕ ಶುರುವಾಗಿತ್ತು. ಶಿವನಸಮುದ್ರದ ಹೆಚ್ಚುಗಾರಿಕೆ ಇದ್ದದ್ದು ದೂರದಲ್ಲಿ. ಕೋಲಾರದ ಚಿನ್ನದ ಗಣಿಗಳಿಗೆ ಭಾರಿ ಶಕ್ತಿ ಬೇಕಿತ್ತು, ಕಾವೇರಿಯ ಜಲಪಾತ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರ. ದಿವಾನ್ ಶೇಷಾದ್ರಿ ಅಯ್ಯರ್ ಈ ಸಾಹಸಕ್ಕೆ ಕೈಹಾಕಿದಾಗ ಅಷ್ಟು ಉದ್ದದ ವಿದ್ಯುತ್ ತಂತಿ ಜಗತ್ತಿನಲ್ಲೇ ಅಪರೂಪ. ಯೋಜನೆ ರೂಪಿಸಿದ ಎಂಜಿನಿಯರ್ ಕೆನಡಾ ಮೂಲದ ಜೋಲಿ ದ ಲಾಟ್‌ಬಿನಿಯೇರ್. ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು. ತಂತಿಯಲ್ಲಿ ಕರೆಂಟು ಹರಿದದ್ದನ್ನು ಅವರು ನೋಡಲಿಲ್ಲ. ಗಣಿಗೆ ಹೋದ ಮೂರು ವರ್ಷಕ್ಕೆ, 1905ರ ಆಗಸ್ಟ್‌ನಲ್ಲಿ, ಅದೇ ಕರೆಂಟು ಬೆಂಗಳೂರಿನ ಬೀದಿದೀಪಗಳಿಗೂ ಬಂತು.

ಇಷ್ಟನ್ನು ಗೈಡ್ ಹೇಳಿದರೆ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ, ಮರೆಯುತ್ತಾರೆ. ಲೆಕ್ಕ ಹಾಕಲು ಹೇಳಿದರೆ ಬೇರೆಯೇ ಆಗುತ್ತದೆ. ಸೆಕೆಂಡಿಗೆ ಒಂದು ಘನ ಮೀಟರ್, ಅಂದರೆ ಸಾವಿರ ಲೀಟರ್ ನೀರು ನೂರು ಮೀಟರ್ ಎತ್ತರದಿಂದ ಬಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 980 ಕಿಲೋವ್ಯಾಟ್. ಒಂಬತ್ತನೇ ತರಗತಿಯ ಭೌತಶಾಸ್ತ್ರ ಇದಕ್ಕೆ ಸಾಕು. ಒಂದು ಬಲ್ಬು 9 ವ್ಯಾಟ್ ಎಂದರೆ ಎಷ್ಟು ಬಲ್ಬು, ನಮ್ಮ ಊರಿನಲ್ಲಿ ಎಷ್ಟು ಮನೆ ಎಂದು ಲೆಕ್ಕ ಮುಂದುವರಿಯುತ್ತದೆ. ಆಮೇಲೆ ಮುಖ್ಯ ಪ್ರಶ್ನೆ: ಇಷ್ಟು ಕರೆಂಟನ್ನು 147 ಕಿಲೋಮೀಟರ್ ಕಳಿಸುವಾಗ ತಂತಿ ಬಿಸಿಯಾಗಿ ಎಲ್ಲ ವ್ಯರ್ಥವಾಗುವುದಿಲ್ಲವೇ? ವೋಲ್ಟೇಜ್ ಎರಡು ಪಟ್ಟು ಮಾಡಿದರೆ ತಂತಿಯಲ್ಲಿನ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬ ಸಂಗತಿ ಪುಸ್ತಕದಲ್ಲಿ ಒಂದು ಸೂತ್ರ. ಟ್ರಾನ್ಸ್‌ಫಾರ್ಮರ್ ಯಾರ್ಡಿನ ಬೇಲಿಯ ಹೊರಗೆ ನಿಂತು ಆ ಪಿಂಗಾಣಿ ಇನ್ಸುಲೇಟರುಗಳ ಉದ್ದ ನೋಡುವಾಗ ಅದೇ ಸೂತ್ರಕ್ಕೆ ಒಂದು ಕಾರಣ ಸಿಗುತ್ತದೆ.

ದೂರದ ತಂತಿಯ ಈ ವಿದ್ಯೆಗೂ, ಮಕ್ಕಳು ಯಂತ್ರಗಳನ್ನು ಮುಟ್ಟಿ ಕಲಿಯುವ ಸಂಗ್ರಹಾಲಯಗಳಿಗೂ ಒಬ್ಬನೇ ಮನುಷ್ಯನ ಮೂಲಕ ನಂಟಿದೆ. ಜರ್ಮನಿಯ ಎಂಜಿನಿಯರ್ ಓಸ್ಕರ್ ಫಾನ್ ಮಿಲ್ಲರ್ 1891ರಲ್ಲಿ ಫ್ರಾಂಕ್‌ಫರ್ಟ್‌ನ ವಿದ್ಯುತ್ ಪ್ರದರ್ಶನದ ಹೊಣೆ ಹೊತ್ತಿದ್ದರು. ಸುಮಾರು 175 ಕಿಲೋಮೀಟರ್ ಆಚೆ ಲಾಫೆನ್ ಎಂಬಲ್ಲಿ ನದಿಯ ನೀರಿನಿಂದ ಹುಟ್ಟಿದ ಕರೆಂಟನ್ನು ಪ್ರದರ್ಶನದ ಮೈದಾನಕ್ಕೆ ತಂದು ಬಲ್ಬುಗಳನ್ನು ಬೆಳಗಿಸಿದರು, ಅದೇ ಶಕ್ತಿಯಿಂದ ಅಲ್ಲೊಂದು ಕೃತಕ ಜಲಪಾತವನ್ನೂ ಹರಿಸಿದರು. ಶಿವನಸಮುದ್ರದ ತಂತಿಗೆ ಹನ್ನೊಂದು ವರ್ಷ ಮೊದಲಿನ ಮಾತಿದು. ಇದೇ ಮಿಲ್ಲರ್ 1903ರಲ್ಲಿ ಮ್ಯೂನಿಕ್‌ನಲ್ಲಿ ಡಾಯ್ಚಸ್ ಮ್ಯೂಸಿಯಂ ಸ್ಥಾಪಿಸಿದರು. ಎಂಜಿನ್ನನ್ನು ಅಡ್ಡಕ್ಕೆ ಕೊಯ್ದು ಒಳಗಿನ ಪಿಸ್ಟನ್ ಕಾಣುವಂತೆ ಇಡುವುದು, ಗುಂಡಿ ಒತ್ತಿದರೆ ಯಂತ್ರ ತಿರುಗುವುದು, ಹಿಡಿಕೆ ತಿರುಗಿಸಲು ನೋಡುಗರಿಗೇ ಬಿಡುವುದು ಅಲ್ಲಿ ರೂಢಿಯಾಯಿತು. ಜನರಿಗೆ ಕರೆಂಟನ್ನು ಕಣ್ಣಿಗೆ ಕಾಣುವಂತೆ ತೋರಿಸಿದ ಮನುಷ್ಯ ಮ್ಯೂಸಿಯಂ ಕಟ್ಟುವಾಗಲೂ ಅದನ್ನೇ ಮಾಡಿದ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಆ ಪರಂಪರೆಯದು. ಕಟ್ಟಡವನ್ನು 1962ರಲ್ಲಿ ನೆಹರೂ ಉದ್ಘಾಟಿಸಿದರು. 1965ರಲ್ಲಿ ವಿದ್ಯುತ್ತಿನ ಗ್ಯಾಲರಿಯೊಂದಿಗೆ ಜನರಿಗೆ ತೆರೆಯಿತು. ಇವತ್ತಿಗೂ ಅದರ ಎಂಜಿನ್ ಹಾಲ್ ಮಕ್ಕಳ ಪಾಲಿಗೆ ಊರಿನ ಅತ್ಯುತ್ತಮ ಕೋಣೆಗಳಲ್ಲಿ ಒಂದು. ಗೇರಿಗೆ ಗೇರು ಸಿಕ್ಕಿ ತಿರುಗುವುದು, ಸುತ್ತುವ ಚಲನೆ ಹಿಂದೆಮುಂದೆ ಓಡುವ ಚಲನೆಯಾಗುವುದು, ಜೆಟ್ ಎಂಜಿನ್ನಿನ ಹೊಟ್ಟೆಯಲ್ಲಿ ಏನಿದೆ ಎಂಬುದು ಅಲ್ಲಿ ಬರಿಗಣ್ಣಿಗೆ ಸಿಗುತ್ತದೆ. ರೈಟ್ ಸಹೋದರರ ವಿಮಾನದ ನಿಜ ಅಳತೆಯ ಪ್ರತಿಕೃತಿಯೂ ಇದೆ. ಕಟ್ಟಿಗೆ, ಬಟ್ಟೆ, ತಂತಿಯಲ್ಲಿ ಮನುಷ್ಯ ಹಾರಿದ ಎಂದು ನಂಬಲು ಅದನ್ನು ಹತ್ತಿರದಿಂದ ನೋಡಬೇಕು.

ತೊಂದರೆ ಇರುವುದು ಸಮಯದಲ್ಲಿ. ಲಾಲ್‌ಬಾಗ್, ವಿಧಾನಸೌಧ, ತಾರಾಲಯದ ನಡುವೆ ಮುಕ್ಕಾಲು ಗಂಟೆ ಬಿಡುವು ಮಾಡಿ ಎಪ್ಪತ್ತು ಮಕ್ಕಳನ್ನು ಒಳಗೆ ಬಿಟ್ಟರೆ ಗುಂಡಿಗಳನ್ನು ಒತ್ತಿ ಓಡುವುದು ಬಿಟ್ಟು ಮಕ್ಕಳು ಇನ್ನೇನು ಮಾಡಿಯಾರು? ಒಂದು ಗುಂಡಿ ಒತ್ತಿ, ಆದದ್ದನ್ನು ನೋಡಿ, ಯಾಕೆ ಹೀಗಾಯಿತು ಎಂದು ಪಕ್ಕದವಳ ಜೊತೆ ವಾದಿಸಿ, ಮತ್ತೆ ಒತ್ತಿ ನೋಡಲು ಹತ್ತು ನಿಮಿಷ ಬೇಕು. ಅರ್ಧ ದಿನಕ್ಕೆ ಆರು ಮಾದರಿಗಳು ಸಾಕು. ಉಳಿದದ್ದನ್ನು ಬಿಟ್ಟು ಬರುವ ಧೈರ್ಯ ಶಿಕ್ಷಕರಿಗೆ ಬೇಕು, ಹಾಗೆ ಬಿಟ್ಟು ಬಂದಾಗ ಗದರದ ಮುಖ್ಯೋಪಾಧ್ಯಾಯರೂ ಬೇಕು.

ಮುಟ್ಟಿ, ಬಿಚ್ಚಿ ಕಲಿಸುವ ವಿಷಯದಲ್ಲಿ ಅಮೆರಿಕದ ಫ್ರಾಂಕ್ ಓಪನ್‌ಹೈಮರ್ ಮಾಡಿದ ಕೆಲಸ ನೆನೆಯಬೇಕಾದದ್ದು. ಅಣುಬಾಂಬಿನ ರಾಬರ್ಟ್ ಓಪನ್‌ಹೈಮರ್‌ನ ತಮ್ಮ, ತಾನೂ ಭೌತವಿಜ್ಞಾನಿ. ರಾಜಕೀಯ ಕಾರಣಕ್ಕೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದಾಗ ಕೊಲರಾಡೊದ ಬೆಟ್ಟಗಾಡಿನಲ್ಲಿ ದನ ಸಾಕಿಕೊಂಡಿದ್ದವರು, ಅಲ್ಲಿನ ಸಣ್ಣ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಪ್ರಯೋಗಾಲಯ ಇರಲಿಲ್ಲ. ಮಕ್ಕಳನ್ನು ಊರಾಚೆಯ ಕಸದ ಗುಡ್ಡೆಗೆ ಕರೆದೊಯ್ದು, ಅಲ್ಲಿ ಸಿಕ್ಕ ಹಳೆಯ ಗಾಡಿಗಳ ಬಿಡಿಭಾಗಗಳಿಂದ ಯಂತ್ರಶಾಸ್ತ್ರ, ಶಾಖ, ವಿದ್ಯುತ್ತು ಹೇಳಿಕೊಟ್ಟರು. ಆ ಅನುಭವವೇ ಮುಂದೆ 1969ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಆಯಿತು. ಇವತ್ತು ಜಗತ್ತಿನ ವಿಜ್ಞಾನ ಕೇಂದ್ರಗಳು ನಕಲು ಮಾಡುವ ಮಾದರಿಗೆ ಬೇರು ಒಂದು ಗುಜರಿ ರಾಶಿಯಲ್ಲಿದೆ.

ಭಾರತದಲ್ಲಿ ಇದೇ ದಾರಿ ಹಿಡಿದವರು ಅರವಿಂದ್ ಗುಪ್ತ. ಕಾನ್ಪುರದ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವರು 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದರು. ಅಲ್ಲಿ 1972ರಿಂದ ಹಳ್ಳಿಯ ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗ ಮಾಡುತ್ತಲೇ ವಿಜ್ಞಾನ ಕಲಿಸುವ ಕಾರ್ಯಕ್ರಮ ನಡೆಯುತ್ತಿತ್ತು. ಸಂತೆಯಲ್ಲಿ ಸಿಗುವ ಎರಡು ಸಾಮಾನು ಅವರ ಕಣ್ಣಿಗೆ ಬಿದ್ದವು: ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬು.

ಆ ತೆಳ್ಳನೆಯ ರಬ್ಬರು ಟ್ಯೂಬನ್ನು ಒಂದೂವರೆ ಸೆಂಟಿಮೀಟರಿನಷ್ಟು ಕತ್ತರಿಸಿ, ಎರಡೂ ಕಡೆಯಿಂದ ಗಂಧಕ ಕೆರೆದು ತೆಗೆದ ಕಡ್ಡಿ ತೂರಿಸಿದರೆ ಅದೊಂದು ಕೀಲು. ನಾಲ್ಕು ಕಡ್ಡಿ, ನಾಲ್ಕು ಕೀಲು ಸೇರಿದರೆ ಚೌಕ. ಅದನ್ನು ಮೇಜಿನ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ತಳ್ಳಿದರೆ ಓರೆಯಾಗಿ ಮಲಗಿಬಿಡುತ್ತದೆ. ಐದು ಕಡ್ಡಿಯ ಪಂಚಕೋನ ಇನ್ನೂ ಅಳ್ಳಕ, ತಳ್ಳಿದರೆ ದೋಣಿಯೋ ಮನೆಯೋ ಆಗುತ್ತದೆ. ಮೂರು ಕಡ್ಡಿಯ ತ್ರಿಕೋನವನ್ನು ಮಾತ್ರ ಎಷ್ಟು ತಳ್ಳಿದರೂ ಆಕಾರ ಬಿಡುವುದಿಲ್ಲ. ಕಡ್ಡಿ ಮುರಿದೀತು, ಕೋನ ಬದಲಾಗದು. ಇನ್ನೊಂದು ಕೆಲಸ ಬಾಕಿ: ಓರೆಯಾಗುವ ಆ ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಸೇರಿಸಿ ನಿಲ್ಲಿಸು ಎಂದರೆ ಮಗು ಸಾಮಾನ್ಯ ಕಡ್ಡಿಯನ್ನು ಹಿಡಿದು ನೋಡುತ್ತದೆ, ಸಾಲದು. ಎಷ್ಟು ಉದ್ದ ಬೇಕು? ಪೈಥಾಗರಸ್ ಪ್ರಮೇಯ ಆಗ ತಾನಾಗಿ ಕೋಣೆಗೆ ಬರುತ್ತದೆ. ಉದ್ದನೆಯ ಒಂದು ಕಡ್ಡಿ ಅಡ್ಡ ಬಿದ್ದೊಡನೆ ಚೌಕ ಎರಡು ತ್ರಿಕೋನವಾಗಿ ಗಟ್ಟಿಯಾಗಿ ನಿಲ್ಲುತ್ತದೆ.

ಇದನ್ನು ಮಾಡಿದ ಮಕ್ಕಳನ್ನು ಹೊರಗೆ ಕರೆದೊಯ್ದರೆ ಹೈಟೆನ್ಷನ್ ಲೈನಿನ ಟವರು, ರೈಲ್ವೆ ಸೇತುವೆ, ಕಲ್ಯಾಣಮಂಟಪದ ಶೀಟಿನ ಮಾಡು, ಗಣೇಶನ ಪೆಂಡಾಲು ಎಲ್ಲದರಲ್ಲೂ ತ್ರಿಕೋನ ಎಣಿಸಲು ಶುರು ಮಾಡುತ್ತಾರೆ. ಶಾಲೆಯ ಅಲುಗಾಡುವ ಬೆಂಚಿಗೆ ಎಲ್ಲಿ ಒಂದು ಪಟ್ಟಿ ಹೊಡೆದರೆ ನಿಲ್ಲುತ್ತದೆ ಎಂದು ಹೇಳುವವರೂ ಅವರೇ. ಪ್ರವಾಸಕ್ಕೆ ಮುಂಚಿನ ವಾರ ಇದನ್ನು ತರಗತಿಯಲ್ಲಿ ಮಾಡಿಸಿದರೆ ಶಿವನಸಮುದ್ರದ ಟವರು ಹಿನ್ನೆಲೆಯ ಕಬ್ಬಿಣವಾಗಿ ಉಳಿಯುವುದಿಲ್ಲ. ಖರ್ಚು ಒಂದು ಬೆಂಕಿಪೊಟ್ಟಣ, ಸೈಕಲ್ ಅಂಗಡಿಯ ಒಂದಷ್ಟು ಟ್ಯೂಬು.

ಕನ್ನಂಬಾಡಿಯ ಕೃಷ್ಣರಾಜಸಾಗರಕ್ಕೆ ಹೋಗುವ ಮುನ್ನ ಮಾಡಿಸಬಹುದಾದ ಪಾಠ ಬಾಟಲಿಯದು. ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಕೊರೆದು ನೀರು ತುಂಬಿದರೆ ಮೂರು ಧಾರೆ ಚಿಮ್ಮುತ್ತವೆ. ಅತಿ ಕೆಳಗಿನ ಧಾರೆ ಅತಿ ದೂರ ಹೋದಂತೆ ಬಿಡಿಸಿದ ಚಿತ್ರ ಎಷ್ಟೋ ಪುಸ್ತಕಗಳಲ್ಲಿದೆ. ಬಾಟಲಿಯನ್ನು ಮೇಜಿನ ಮೇಲೆ ಇಟ್ಟು ಮಾಡಿ ನೋಡಿದರೆ ಮೇಜಿನ ಮೇಲೆ ಅತಿ ದೂರ ಬೀಳುವುದು ನಡುವಿನ ಧಾರೆ. ಕೆಳಗಿನ ತೂತಿನಿಂದ ನೀರು ಹೊರಡುವ ವೇಗವೇನೋ ಹೆಚ್ಚು, ಆದರೆ ಮೇಜು ಹತ್ತಿರವೇ ಇರುವುದರಿಂದ ದೂರ ಸಾಗುವ ಮೊದಲೇ ಅದರ ಮೇಲೆ ಬಿದ್ದುಬಿಡುತ್ತದೆ. "ಮಿಸ್, ಪುಸ್ತಕದಲ್ಲಿ ಹಂಗಿಲ್ವಲ್ಲ!" ಎಂದು ಯಾವುದಾದರೂ ಮಗು ಕೂಗಿತೆಂದರೆ ಆ ದಿನದ ಪಾಠ ಗೆದ್ದಿತು. ಅದೇ ಬಾಟಲಿಯನ್ನು ಎತ್ತರದ ಸ್ಟೂಲಿನ ಮೇಲಿಟ್ಟು ಧಾರೆಗಳು ನೆಲಕ್ಕೆ ಬೀಳುವಂತೆ ಮಾಡಿದರೆ ಉತ್ತರ ಬದಲಾಗುತ್ತದೆ, ಕೆಳಗಿನ ಧಾರೆಯೇ ಮುಂದೆ ಹೋಗುತ್ತದೆ. ಪುಸ್ತಕವೂ ಸರಿ, ಮಗುವೂ ಸರಿ. ಎಲ್ಲಿಂದ ಅಳೆದೆವು ಎಂಬುದು ಮುಖ್ಯ. ಎಂಜಿನಿಯರ್ ದಿನವಿಡೀ ಮಾಡುವ ಕೆಲಸವೂ ಬಹುಪಾಲು ಇದೇ.

ಇಷ್ಟು ಮಾಡಿ ಕೃಷ್ಣರಾಜಸಾಗರದ ಕಟ್ಟೆಯನ್ನು ನೋಡುವವರಿಗೆ ಅದರ ಆಕಾರ ಅರ್ಥವಾಗುತ್ತದೆ. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ, ಹಾಗಾಗಿ ಗೋಡೆ ಬುಡದಲ್ಲಿ ದಪ್ಪ, ತಲೆಯಲ್ಲಿ ತೆಳು. ಕಟ್ಟೆಯ ಉದ್ದ 8,600 ಅಡಿ, ಎತ್ತರ 130 ಅಡಿ. 1911ರಲ್ಲಿ ಶುರುವಾದ ಕೆಲಸ ಮುಗಿಯಲು ಎರಡು ದಶಕ ಹಿಡಿಯಿತು. ಇಷ್ಟು ದೊಡ್ಡ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸಿಮೆಂಟಲ್ಲ. ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಸುರ್ಕಿ ಗಾರೆ. ಬರೀ ಸುಣ್ಣ ಮರಳಿನ ಗಾರೆಗೆ ನೀರಿನಡಿಯಲ್ಲಿ ಗಟ್ಟಿಯಾಗುವ ಗುಣವಿಲ್ಲ, ಇಟ್ಟಿಗೆ ಪುಡಿ ಸೇರಿದರೆ ಆ ಗುಣ ಬರುತ್ತದೆ. ಎರಡೂ ಬಗೆಯ ಉಂಡೆ ಮಾಡಿ, ಕೆಲವು ದಿನ ಒಣಗಿಸಿ, ನೀರಿನ ಬೋಗುಣಿಯಲ್ಲಿ ವಾರಗಟ್ಟಲೆ ಇಟ್ಟು ನೋಡುವ ಪ್ರಯೋಗ ಶಾಲೆಯ ಜಗುಲಿಯಲ್ಲೇ ಆಗುತ್ತದೆ. ಸುಣ್ಣ ಚರ್ಮ ಸುಡುತ್ತದೆ, ಆದ್ದರಿಂದ ಕಲಸುವುದು ದೊಡ್ಡವರ ಕೆಲಸ. ಭದ್ರತೆಯ ಕಾರಣಕ್ಕೆ ಈಗ ಕಟ್ಟೆಯ ಮೇಲೆ ಸಾರ್ವಜನಿಕರನ್ನು ಬಿಡುವುದಿಲ್ಲ. ಹಾಗೆಂದು ಕಾರಂಜಿಯ ಕಡೆ ಮುಖ ಮಾಡಿ ಕಟ್ಟೆಗೆ ಬೆನ್ನು ತೋರಿಸಿಯೇ ಕೂರಬೇಕೆಂದಿಲ್ಲ. ಬೃಂದಾವನದಿಂದಲೇ ಅದರ ಮೈ ಚೆನ್ನಾಗಿ ಕಾಣುತ್ತದೆ.

ಬೆಂಗಳೂರಿನ ಮಕ್ಕಳಿಗೆ ಇನ್ನೂ ಹತ್ತಿರದ ವಿಷಯ ನಲ್ಲಿ ನೀರು. 1974ರಿಂದ ಕಾವೇರಿ ನೀರು ಈ ಊರಿಗೆ ಬರುತ್ತಿದೆ. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪಾಗಿ ಸುಮಾರು ನೂರು ಕಿಲೋಮೀಟರ್ ದೂರ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರ ಏರಿ ಬರುತ್ತದೆ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಎಷ್ಟು ಕರೆಂಟು? ಲೆಕ್ಕ ಸರಳ: ಸುಮಾರು 49 ಲಕ್ಷ ಜೂಲ್, ಅಂದರೆ 1.36 ಯೂನಿಟ್. ಪಂಪು, ಕೊಳವೆಗಳ ನಷ್ಟ ಸೇರಿದರೆ ಇನ್ನೂ ಹೆಚ್ಚು. ಮನೆಯ ತಾರಸಿಯ ಟ್ಯಾಂಕು ತುಂಬಿ ಹರಿಯುವುದನ್ನು ನೋಡಿ ಮೋಟಾರು ಆರಿಸಲು ಓಡುವ ಮಗುವಿಗೆ ಅಪ್ಪ ಅಮ್ಮ ಬುದ್ಧಿ ಹೇಳಬೇಕಾಗಿಲ್ಲ, ಈ ಲೆಕ್ಕ ಅದಕ್ಕೆ ಗೊತ್ತಿದ್ದರೆ ಸಾಕು.

ಇನ್ನು ಶಾಲೆಯೊಳಗೇ ನಡೆಯುವ ಕಾರ್ಯಕ್ರಮಗಳು. ಕೇಂದ್ರ ಸರ್ಕಾರದ ಅಟಲ್ ಇನ್ನೊವೇಶನ್ ಮಿಷನ್ 2016ರಿಂದ ಟಿಂಕರಿಂಗ್ ಲ್ಯಾಬುಗಳಿಗೆ ಹಣ ಕೊಡುತ್ತಿದೆ. ಒಂದು ಶಾಲೆಗೆ 20 ಲಕ್ಷ ರೂಪಾಯಿ; ಆರರಿಂದ ಹನ್ನೆರಡನೇ ತರಗತಿಯವರಿಗೆ ತ್ರೀಡಿ ಪ್ರಿಂಟರು, ಸೆನ್ಸರುಗಳು, ಆರ್ಡುಯಿನೊ ಬೋರ್ಡು, ಕೈ ಉಪಕರಣಗಳು. ದೇಶದಲ್ಲಿ ಹತ್ತು ಸಾವಿರ ಲ್ಯಾಬುಗಳು ಆಗಿವೆ. 2025ರ ಬಜೆಟ್ಟಿನಲ್ಲಿ ಐದು ವರ್ಷಕ್ಕೆ ಇನ್ನೂ ಐವತ್ತು ಸಾವಿರ ಎಂದು ಘೋಷಣೆಯಾಗಿದೆ. ಒಳ್ಳೆಯ ಮೇಷ್ಟ್ರು ಸಿಕ್ಕ ಕಡೆ ಇಂಥ ಕೋಣೆಯಲ್ಲಿ ಮಕ್ಕಳು ಮಣ್ಣಿನ ತೇವ ನೋಡಿ ನೀರು ಬಿಡುವ ಸಾಧನದಿಂದ ಹಿಡಿದು ಕುರುಡರ ಕೋಲಿಗೆ ಸದ್ದು ಕೊಡುವ ಸಾಧನದವರೆಗೆ ಏನೇನೋ ಮಾಡುತ್ತಾರೆ. ಸಾಮಾನು ಕಳೆದೀತು, ಕೆಟ್ಟೀತು, ಆಡಿಟ್ಟಿಗೆ ಉತ್ತರ ಕೊಡಬೇಕಾದೀತು ಎಂದು ಹೆದರಿದ ಕಡೆ ಕೋಣೆಗೆ ಬೀಗ ಬೀಳುತ್ತದೆ, ಅಧಿಕಾರಿ ಬಂದ ದಿನ ಮಾತ್ರ ತೆರೆಯುತ್ತದೆ. ಮಕ್ಕಳ ಕೈಯಲ್ಲಿ ಕೆಟ್ಟ ಸಾಮಾನನ್ನು ಲೆಕ್ಕದಿಂದ ತೆಗೆಯುವ ದಾರಿಯನ್ನು ಇಲಾಖೆಯೇ ಬರೆದುಕೊಟ್ಟರೆ ಅರ್ಧ ಬೀಗಗಳು ಬಿಚ್ಚಿಕೊಳ್ಳುತ್ತವೆ. ಮುರಿಯುವ ಹಕ್ಕಿಲ್ಲದ ಕಡೆ ಕಟ್ಟುವುದನ್ನು ಕಲಿಸಲಾಗದು.

ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಹೊಸ ಆಲೋಚನೆಗೆ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ಮಾಡಲು ಹತ್ತು ಸಾವಿರ ರೂಪಾಯಿ ಸಿಗುತ್ತದೆ. ಇಸ್ರೊ 2019ರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ಯುವಿಕಾ ಎಂಬ ವಸತಿ ಶಿಬಿರ ನಡೆಸುತ್ತಿದೆ. ವರ್ಷಕ್ಕೊಮ್ಮೆ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಓಪನ್ ಡೇಯಲ್ಲಿ ಲ್ಯಾಬುಗಳ ಬಾಗಿಲು ತೆರೆಯುತ್ತದೆ. ಇವೆಲ್ಲ ಬಲ್ಲ ಶಾಲೆಗಳಿಗೆ ಗೊತ್ತು. ದೂರದ ತಾಲ್ಲೂಕುಗಳಿಗೆ ಸುದ್ದಿ ತಲುಪುವ ಹೊತ್ತಿಗೆ ಅರ್ಜಿಯ ದಿನಾಂಕ ದಾಟಿರುತ್ತದೆ.

ಹಳ್ಳಿಗೇ ಹೋಗುವ ದಾರಿಯನ್ನು ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಶನ್ ಹುಡುಕಿಕೊಂಡಿತು. ರಾಮ್‌ಜಿ ರಾಘವನ್ ಮತ್ತು ಗೆಳೆಯರು 1999ರಲ್ಲಿ ಕಟ್ಟಿದ ಈ ಸಂಸ್ಥೆಯ ಕೇಂದ್ರ ಆಂಧ್ರದ ಕುಪ್ಪಂ ಬಳಿ, ಕೋಲಾರದ ಗಡಿಗೆ ಅಂಟಿಕೊಂಡಂತೆ 172 ಎಕರೆಯಲ್ಲಿದೆ. ಅದಕ್ಕಿಂತ ದೊಡ್ಡ ಕೆಲಸ ಅದರ ವ್ಯಾನುಗಳದು, ಬೈಕುಗಳದು. ಪ್ರಯೋಗದ ಸಾಮಾನು ಹೇರಿಕೊಂಡ ವ್ಯಾನು ಸರ್ಕಾರಿ ಶಾಲೆಯ ಅಂಗಳದಲ್ಲಿ ನಿಂತು, ಮೇಜುಗಳನ್ನು ಇಳಿಸಿ, ಮಕ್ಕಳ ಕೈಗೆ ಮಾದರಿಗಳನ್ನು ಕೊಡುತ್ತದೆ. ಅವರ ಇನ್ನೊಂದು ಕ್ರಮ ಇನ್ನೂ ಮುಖ್ಯ: ಕಲಿತ ವಿದ್ಯಾರ್ಥಿಗಳನ್ನೇ ಪುಟ್ಟ ಶಿಕ್ಷಕರನ್ನಾಗಿ ತಯಾರು ಮಾಡಿ ಬೇರೆ ಮಕ್ಕಳಿಗೆ ಕಲಿಸಲು ನಿಲ್ಲಿಸುವುದು. ಏಳನೇ ತರಗತಿಯ ಹುಡುಗಿ ತನ್ನದೇ ಊರ ಮಾತಿನಲ್ಲಿ ಸನ್ನೆಕೋಲು ವಿವರಿಸುವಾಗ ಎದುರಿಗೆ ಕೂತವರು ಪ್ರಶ್ನೆ ಕೇಳಲು ಅಂಜುವುದಿಲ್ಲ.

ಹುಡುಗಿಯರ ಮಾತು ಬಂದಾಗ ಒಂದು ಸಂಗತಿಯನ್ನು ಬಿಡಿಸಿ ಹೇಳಲೇಬೇಕು. ಹುಡುಗ ಹುಡುಗಿಯರು ಬೆರೆತ ಗುಂಪಿಗೆ ಸಾಮಾನು ಕೊಟ್ಟರೆ ಸ್ಕ್ರೂಡ್ರೈವರು ಹುಡುಗರ ಕೈಗೂ, ಪೆನ್ನು ಹುಡುಗಿಯರ ಕೈಗೂ ಹೋಗುವುದು ಎಷ್ಟೋ ತರಗತಿಗಳ ರೂಢಿ. ಯಾರೂ ಹೇಳಿಕೊಟ್ಟದ್ದಲ್ಲ, ಮನೆಯಲ್ಲಿ ಕಂಡದ್ದು. "ಅಕ್ಷರ ಚೆನ್ನಾಗಿದೆ, ನೀನು ಬರಿ" ಎಂಬ ಹೊಗಳಿಕೆಯಲ್ಲೇ ಹುಡುಗಿಯ ಕೈಯಿಂದ ಪಾನಾ ಜಾರಿಹೋಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕೆಲಸ ಬದಲಿಸಿ ಎಂದು ಶಿಕ್ಷಕರು ಗಡಿಯಾರ ನೋಡಿ ಹೇಳಿದರೆ ಇದು ಸರಿಹೋಗುತ್ತದೆ; ಹೇಳದೆ ಬಿಟ್ಟರೆ ಎಷ್ಟು ಲಕ್ಷದ ಲ್ಯಾಬಿದ್ದರೂ ಹೋಗದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಬ್ಯಾಗಿಲ್ಲದ ಹತ್ತು ದಿನ ಹೇಳಿದೆ. ಬಡಗಿ, ಕುಂಬಾರ, ತೋಟಗಾರರಂಥ ಕಸುಬುದಾರರ ಬಳಿ ಮಕ್ಕಳು ಕಲಿಯಲಿ ಎಂಬುದು ಅದರ ಆಶಯ. ಕರ್ನಾಟಕದ ಸಂಭ್ರಮ ಶನಿವಾರವೂ ಬ್ಯಾಗಿಲ್ಲದ ದಿನವೇ. ಬಸ್ಸಿಗೆ ದುಡ್ಡಿಲ್ಲದ ಶಾಲೆಗೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ, ಏಕೆಂದರೆ ಊರಿನಲ್ಲೇ ಹಿಟ್ಟಿನ ಗಿರಣಿಯಿದೆ. ಗಿರಣಿ ನಿಂತಿರುವಾಗ, ಮೇನ್ ಸ್ವಿಚ್ಚು ತೆಗೆದ ಮೇಲೆ, ಮೋಟಾರಿನ ಪುಲ್ಲಿಗೂ ಕಲ್ಲಿನ ಪುಲ್ಲಿಗೂ ದಾರ ಸುತ್ತಿ ಸುತ್ತಳತೆ ತೆಗೆಯುವುದು ಮಕ್ಕಳ ಕೆಲಸ. ಮೋಟಾರಿಗೆ ಹೊಡೆದ ತಗಡಿನ ಪಟ್ಟಿಯಲ್ಲಿ ನಿಮಿಷಕ್ಕೆ 1440 ಸುತ್ತು ಎಂದಿದ್ದು, ದೊಡ್ಡ ಪುಲ್ಲಿ ಸಣ್ಣದರ ಮೂರು ಪಟ್ಟಿದ್ದರೆ ಕಲ್ಲು ತಿರುಗುವುದು 480 ಸುತ್ತು. ಅನುಪಾತದ ಲೆಕ್ಕ ಕಣ್ಣೆದುರು. ಬೆಲ್ಟು ಯಾಕೆ ಜಾರುವುದಿಲ್ಲ, ಕಲ್ಲಿಗೆ ಕಚ್ಚು ಯಾಕೆ ಹೊಡೆಯುತ್ತಾರೆ, ರಾಗಿಗೂ ಗೋಧಿಗೂ ಕಲ್ಲಿನ ಸಂದು ಬೇರೆಯೇ ಎಂದು ಕೇಳಿದರೆ ಗಿರಣಿಯಣ್ಣ ಬೇಸರವಿಲ್ಲದೆ ಹೇಳುತ್ತಾನೆ. ಅವನ ಕೆಲಸದ ಬಗ್ಗೆ ಶಾಲೆಯವರು ಕೇಳಿದ್ದೇ ಅಪರೂಪ.

ಊರ ಕೆರೆಯೂ ಹಾಗೆಯೇ. ಏರಿ, ತೂಬು, ಕೋಡಿ ಈ ಮೂರರ ಅಳತೆ ತೆಗೆದು ನಕ್ಷೆ ಬರೆದರೆ ಅಣೆಕಟ್ಟಿನ ಪಾಠ ಅಲ್ಲೇ ಮುಗಿಯಿತು. ಕೋಡಿಯ ಮಟ್ಟ ಏರಿಗಿಂತ ಎಷ್ಟು ಕೆಳಗಿದೆ, ಅದನ್ನು ಯಾರೋ ಮಣ್ಣು ಹಾಕಿ ಎತ್ತರಿಸಿದರೆ ಏನಾದೀತು ಎಂದು ನೀರುಗಂಟಿಯನ್ನು ಕೇಳಬೇಕು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನೀರು ಮಟ್ಟ ಮೀರಿದೊಡನೆ ತಾನಾಗಿ ಹೊರಹರಿಸುವ ಸೈಫನ್‌ಗಳಿವೆ. ಗೇಟೂ ಬೇಡ, ಗೇಟು ಎತ್ತುವವರೂ ಬೇಡ. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ, ವೊಲ್ಯೂಟ್ ಎಂಬ ಬಗೆಯ ಇಂಥ ಸೈಫನ್‌ಗಳನ್ನು ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಹಾಕಿದ್ದರು. ಲಿಂಗನಮಕ್ಕಿ ಕಟ್ಟಿದ ಮೇಲೆ ಆ ಅಣೆಕಟ್ಟು ಮುಳುಗಿತು, ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಈಗಲೂ ಹೊರಗೆ ಕಾಣುತ್ತದೆ. ಸೈಫನ್ನನ್ನು ತರಗತಿಯಲ್ಲಿ ಮಾಡಲು ಕತ್ತರಿಸಿದ ಬಾಟಲಿ, ಬಾಗುವ ಸ್ಟ್ರಾ, ತೂತು ಮುಚ್ಚಲು ಸ್ವಲ್ಪ ಎಂ-ಸೀಲ್ ಸಾಕು. ಸ್ಟ್ರಾದ ಬಾಗು ಬಾಟಲಿಯೊಳಗೆ, ಉದ್ದನೆಯ ತುದಿ ತಳದ ಕೆಳಗೆ ಹೊರಗೆ. ನೀರು ಬಾಗಿನವರೆಗೆ ಏರುವ ತನಕ ಒಂದು ಹನಿಯೂ ಬೀಳದು. ಬಾಗು ದಾಟಿತೋ, ಬಾಟಲಿ ಖಾಲಿಯಾಗುವವರೆಗೆ ಹರಿಯುತ್ತದೆ.

ನೀರಿನ ಬಳಿ ಮಕ್ಕಳನ್ನು ಕರೆದೊಯ್ಯುವಾಗ ಭಯ ಸಹಜ, ಅದು ಇರಲೂ ಬೇಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡ ನೋವು ಯಾವ ಶಿಕ್ಷಕರೂ ಮರೆಯುವಂಥದ್ದಲ್ಲ. ಸರಿಯಾಗಿ ಯೋಜಿಸಿದ ತಾಂತ್ರಿಕ ಭೇಟಿಯಲ್ಲಿ ಅಪಾಯ ಕಡಿಮೆಯೇ: ಬೇಲಿಯಿದೆ, ಹೆಲ್ಮೆಟ್ಟಿದೆ, ಜೊತೆಗೆ ಅಲ್ಲಿನ ಎಂಜಿನಿಯರ್ ಇರುತ್ತಾರೆ, ಪ್ರತಿ ಗುಂಪಿಗೂ ಮಾಡಲು ಕೆಲಸವಿರುತ್ತದೆ. ಗೊತ್ತುಗುರಿಯಿಲ್ಲದೆ ಎರಡು ಗಂಟೆ ಬಿಟ್ಟ ಮಕ್ಕಳೇ ನೀರಿಗಿಳಿಯುವುದು.

ವಿದ್ಯುದಾಗಾರ, ನೀರು ಶುದ್ಧೀಕರಣ ಘಟಕ, ಸಬ್‌ಸ್ಟೇಷನ್ ಯಾವುದಕ್ಕೇ ಆದರೂ ಮೊದಲೇ ಅನುಮತಿ ಬೇಕು. ನವೆಂಬರ್‌ನಲ್ಲಿ ಬಸ್ಸು ಹೊರಡುವುದಾದರೆ ಶಾಲೆ ತೆರೆದ ಜೂನ್, ಜುಲೈನಲ್ಲೇ ಸಂಬಂಧಿಸಿದ ಕಚೇರಿಗೆ ಮುಖ್ಯೋಪಾಧ್ಯಾಯರ ಪತ್ರ ಹೋಗಬೇಕು. ಪತ್ರದಲ್ಲಿ ಮಕ್ಕಳ ಸಂಖ್ಯೆ, ತರಗತಿ, ಜೊತೆಗೆ ಬರುವ ಶಿಕ್ಷಕರ ಹೆಸರು ಇರಲಿ, ಜೊತೆಗೆ ಮಕ್ಕಳೇ ಬರೆದ ಐದಾರು ಪ್ರಶ್ನೆಗಳೂ ಇರಲಿ. ದಿನವೂ ಫೈಲು ನೋಡಿ ದಣಿದ ಎಂಜಿನಿಯರ್ ಆ ಪ್ರಶ್ನೆಗಳಿಗಾಗಿಯಾದರೂ ಅನುಮತಿಯ ಪತ್ರಕ್ಕೆ ಬೇಗ ಸಹಿ ಹಾಕಿಯಾರು. ಎಪ್ಪತ್ತು ಮಕ್ಕಳಿದ್ದರೆ ಎರಡು ದಿನ, ಮೂವತ್ತೈದರಂತೆ ಎರಡು ತಂಡ. ಪ್ರತಿ ತಂಡದ ಚೀಲದಲ್ಲಿ ಅಳತೆ ಟೇಪು, ಗಟ್ಟಿ ದಾರ, ನೀರಿನ ಬಾಟಲಿ, ರಟ್ಟಿಗೆ ಕ್ಲಿಪ್ಪು ಹಾಕಿದ ಹಾಳೆಗಳು, ಪೆನ್ಸಿಲ್ಲು. ಮೊಬೈಲು ಶಿಕ್ಷಕರ ಬಳಿ ಒಂದೇ ಸಾಕು. ವಾಪಸು ಬಂದ ಮಾರನೆಯ ದಿನ ಪ್ರಬಂಧ ಬರೆಸುವ ಬದಲು ಆರನೇ ತರಗತಿಯವರನ್ನು ಎದುರಿಗೆ ಕೂರಿಸಿ, ಹೋಗಿಬಂದವರಿಂದ ಬಾಟಲಿ, ಕಡ್ಡಿ, ದಾರ ಹಿಡಿದು ಹೇಳಿಸಬೇಕು. ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಅದೇ ಎಂಜಿನಿಯರ್‌ಗೆ ಮತ್ತೊಂದು ಪತ್ರದಲ್ಲಿ ಬರೆದು ಕಳಿಸಬೇಕು.